ಚಾಪೆಯಡಿಯ ಬಿಸಿ

ಸೋದರತ್ತೆಯ ಮಾತು ಮೀರುವುದಿಲ್ಲವೆಂದು ಲಿಸಿಯಾಟೆ ಸಾಯುತ್ತಿದ್ದ ಅಪ್ಪನಿಗೆ ಎಂದೋ ಮಾತು ಕೊಟ್ಟಿದ್ದ. ಅವರ ದ್ವೀಪದೇಶ ಟೋಂಗಾದಲ್ಲಿ ಅತ್ತೆಯ ಮಾತೆಂದರೆ ಮಾತು.

ಇಂದು ತಂಗಿಯ ಮದುವೆ. ಚಹಾದ ಕರೆಂಟ್ ಹಂಡೆಗೆ ಹೋಗುವ ವೈರಿನ ಮೇಲೆಯೇ ಅತ್ತೆ ಐದು ಪದರ ಒಣಗರಿಯ ಚಾಪೆ ಹಾಸಿ, ಊರ ಹಿರಿಯರನ್ನು ಕೂರಿಸಿದ್ದಳು.

ವೈರಿಂಗ್ ಕೆಲಸದ ಲಿಸಿಯಾಟೆ ಮೀಟರ್ ಹಿಡಿದ. ಗೋಡೆಯಲ್ಲಿ 240 ವೋಲ್ಟ್, ಹಂಡೆಯ ಬಳಿ 216, ಹರಿಯುತ್ತಿದ್ದುದು 15 ಆಂಪ್. ದಾರಿಯಲ್ಲಿ ಕಳೆದ 24ನ್ನು 15ರಿಂದ ಭಾಗಿಸಿದರೆ ವೈರಿನ ರೋಧ 1.6 ಓಮ್; ಗುಣಿಸಿದರೆ 360 ವ್ಯಾಟ್. ಅಷ್ಟೂ ಚಾಪೆಯಡಿ ಬಿಸಿಯಾಗುತ್ತಿತ್ತು.

"ಅತ್ತೆ, ಚಾಪೆ ಎತ್ಸಿ. ಬೆಂಕಿ ಹತ್ಕೊಳತ್ತೆ."

"ಹಿರಿಯರ ಕೆಳಗಿಂದ ಚಾಪೆ ಎಳೀಲೇನೋ? ನಿನ್ನ ಲೆಕ್ಕ ಜೇಬಲ್ಲಿಟ್ಕೊ!"

"ಹಂಡೆನಾದ್ರೂ ಆರಿಸ್ಲಾ?"

"ಅದನ್ನ ಮುಟ್ಟಿದ್ರೆ ನೋಡು! ಹೋಗು, ಚಹಾ ಹಂಚು."

ಒಣಗರಿ ಸೀದ ವಾಸನೆ ಮೆಲ್ಲನೆ ಏಳುತ್ತಿತ್ತು. ಲಿಸಿಯಾಟೆ ಚಹಾ ಹಂಚಿದ. ಅಪ್ಪನಿಗೆ ಕೊಟ್ಟ ಮಾತು ಉಳಿಯಿತು.