ತೊಟ್ಟಿಲ ಐದು ಕಂಬ

ಮೂವತ್ತೊಂದು ವರ್ಷ ನಾನು ಸರ್ಕಾರಿ ಕಚೇರಿಯಲ್ಲಿ ಕೂತು ನಕ್ಷೆ ಬರೆದೆ. ಸೇತುವೆ, ಕಾಲುವೆ, ನೀರಿನ ಟಾಕಿ ಎಲ್ಲ ನನ್ನ ಪೆನ್ಸಿಲ್ಲಿನಿಂದ ಹುಟ್ಟಿದವು; ಕಟ್ಟಿದವರು ಮಾತ್ರ ಬೇರೆಯವರು. ಒಂದು ಮೊಳೆಯನ್ನೂ ಸ್ವಂತ ಕೈಯಿಂದ ಹೊಡೆಯದೆ ನಿವೃತ್ತಳಾದೆ. ಆದ್ದರಿಂದ ಈಗ ಹೇಳುವುದರಲ್ಲಿ ಸ್ವಲ್ಪ ಜಂಭ ಕಂಡರೆ ಸಹಿಸಿಕೊಳ್ಳಿ. ಅರವತ್ತೊಂದನೇ ವಯಸ್ಸಿಗೆ ಬಂದ ಜಂಭ, ಬಿಡು ಅಂದರೆ ಬಿಡುವುದಿಲ್ಲ.

ನಮ್ಮ ಮಗಳು ಹರ್ಷದಾ ಚೊಚ್ಚಲ ಬಾಣಂತನಕ್ಕೆಂದು ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಬಂದಾಗ ಅಟ್ಟದಿಂದ ತೊಟ್ಟಿಲು ಇಳಿಸಿದೆ. ಬೀದರಿನಿಂದ ನನ್ನ ಅವ್ವ ಕಳಿಸಿದ ಸಾಗವಾನಿ ತೊಟ್ಟಿಲು. ಹರ್ಷದಾ ಅದರಲ್ಲೇ ಆಡಿ ಬೆಳೆದವಳು. ಮೇಲಿನ ಚೌಕಟ್ಟಿಗೂ ಕೆಳಗಿನ ಹಲಗೆಗೂ ನಡುವೆ ಇಪ್ಪತ್ತು ಪುಟ್ಟ ಕಂಬಗಳು, ಒಂದೊಂದೂ ಲೇತಿನಲ್ಲಿ ಕಡೆದದ್ದು. ಕೂಸಿನ ಭಾರವನ್ನು ಹೊರುವುದು ಅವೇ. ನೋಡಿದರೆ ಐದು ಕಂಬಗಳನ್ನು ಗೆದ್ದಲು ತಿಂದು ಹಿಟ್ಟು ಮಾಡಿತ್ತು.

ಆ ವಾರವೇ ಸೊಸೆಯನ್ನು ನೋಡಲು ಜಹೀರಾಬಾದಿನಿಂದ ನಮ್ಮ ಬೀಗಿತಿ ಬಂಡೆಮ್ಮ ಬಂದರು. ಹರ್ಷದಾಳ ಅತ್ತೆ. ತೊಟ್ಟಿಲಿನ ಒಂದು ಕಂಬವನ್ನು ಬೆರಳಿನಿಂದ ಒತ್ತಿದರು. ಪುಡಿ ಉದುರಿತು.

"ಇದರಾಗ ನಮ್ಮ ಕೂಸು ಮಲಗಂಗಿಲ್ರಿ," ಎಂದರು. "ಸ್ಟೀಲಿಂದು ಹೊಸಾದು ನಾವ ತರ್ತೀವಿ. ಇದನ್ನ ಗುಜರಿಗೆ ಹಾಕಿಬಿಡ್ರಿ."

ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನದೇ ಆಗಬೇಕು. ಗಂಡಿನ ಮನೆಯವರು ತಂದರೆ ನಾವು ಮುಖ ಎಲ್ಲಿ ಇಟ್ಟುಕೊಳ್ಳುವುದು? ನನಗೆ ಮೈಯೆಲ್ಲ ಉರಿಯಿತು.

"ಹೆಸರಿಡೋ ದಿನ ಕೂಸು ಇದರಾಗನ ಮಲಗತೈತಿ, ನೋಡ್ರಿ!" ಎಂದುಬಿಟ್ಟೆ.

"ನೋಡೋಣಂತ," ಎಂದರು ಬಂಡೆಮ್ಮ.

ಆಡಿದ್ದೇನೋ ಆಡಿದೆ. ಮರುದಿನದಿಂದ ಮರ ಕಡೆಯುವ ಖರಾದಿಗಳ ಅಂಗಡಿ ಅಂಗಡಿ ಸುತ್ತಿದೆ. "ಪಾಂಚ್ ಪೀಸಾಂ ಕೌನ್ ಬನಾತಾ ಅಮ್ಮಾ?" ಐದೇ ಐದು ಯಾರು ಮಾಡುತ್ತಾರೆ ಎಂದು ಒಬ್ಬ ನಕ್ಕ. ನೂರಾದರೆ ಮಾಡಿಕೊಡುತ್ತೇನೆ ಎಂದ ಇನ್ನೊಬ್ಬ. ಮನೆಗೆ ಬಂದು ನೆಲದ ಮೇಲೆ ನಕ್ಷೆಯ ಹಾಳೆ ಹಾಸಿದೆ.

"ಲೇತು ನಾನ ಕಟ್ತೀನಿ," ಎಂದೆ.

ನಮ್ಮ ಮನೆಯವರು ಗೋಪಿನಾಥ ಪೇಪರಿನಿಂದ ತಲೆ ಎತ್ತಿದರು. "ಕಮಲಾ, ನಿನ್ನ ಸಿಟ್ಟು ಎಲ್ಲಿಗಿ ಹೋಗಿ ಮುಟ್ಟತೈತೋ ಏನೋ!"

"ನಾಚಾರಂ ಗುಜರಿಗಿ ಹೋಗಿ ಮುಟ್ಟತೈತಿ. ಏಳ್ರಿ, ಚೀಲ ತಗೊಳ್ರಿ."

ನಾಚಾರಂನ ಗುಜರಿ ಅಂಗಡಿಯಲ್ಲಿ ಹಳೆಯ ವಾಷಿಂಗ್ ಮಷೀನಿನ ಮೋಟಾರು ಸಿಕ್ಕಿತು. ಎರಡು ಬೇರಿಂಗು, ಒಂದು ಕಬ್ಬಿಣದ ದಂಡ, ಎರಡು ಪುಲ್ಲಿ, ಅವಕ್ಕೆ ಸುತ್ತುವ ಪಟ್ಟಾ, ಕಬ್ಬಿಣ ಉಜ್ಜುವ ಸವೆದ ಒಂದು ಅರ, ಗೇಣುದ್ದದ ಒಂದು ಬೋಲ್ಟು, ಕಡೆಯಲು ಸಾಗವಾನಿಯ ತುಂಡುಗಳು. ಕೂರಿಸುವುದಕ್ಕೆ ನನ್ನ ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡು ಬಾಲ್ಕನಿಯಲ್ಲೇ ಇತ್ತು. ಅದರ ಪೆಡಲು, ಚಕ್ರ ತೆಗೆಯಬೇಕೆಂದು ಒಂದು ದಿನವೆಲ್ಲ ಗುದ್ದಾಡಿದೆ. ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಇದ್ದರೆ ಇರಲಿ, ಹಾಳಾಗಿ ಹೋಗಲಿ ಎಂದು ಬಿಟ್ಟೆ.

ಲೇತಿನ ಕೆಲಸ ಹೇಳಲು ಸುಲಭ. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಬೇಕು. ಒಂದು ಮೊನೆ ತಿರುಗಿಸುತ್ತದೆ, ಇನ್ನೊಂದು ಹಿಡಿದುಕೊಳ್ಳುತ್ತದೆ. ತಿರುಗುವ ಮರಕ್ಕೆ ಉಳಿ ಒತ್ತಿದರೆ ಆಕಾರ ಬರುತ್ತದೆ. ನನ್ನ ನಕ್ಷೆಯಲ್ಲಿ ಎರಡು ಮೊನೆಗಳೂ ಒಂದೇ ಗೆರೆಯಲ್ಲಿದ್ದವು. ಆದರೆ ಕಬ್ಬಿಣ ನಕ್ಷೆ ಓದುವುದಿಲ್ಲ! ಮೊದಲ ತುಂಡು ಹಾರಿ ತುಳಸಿ ಕುಂಡ ಒಡೆಯಿತು. ಎರಡನೆಯದು ಗೋಪಿನಾಥರ ಕಿವಿ ಸವರಿಕೊಂಡು ಹೋಯಿತು. ಅಂದಿನಿಂದ ಅವರು ಬಾಲ್ಕನಿಗೆ ಬಂದರೆ ತಲೆಯ ಮೇಲೆ ಹೆಲ್ಮೆಟ್ಟು. ನಾನು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬೇರಿಂಗಿನ ಕೆಳಗೆ ಒಂದೊಂದೇ ಪದರ ತುರುಕುತ್ತ ಹೋದೆ. ಹನ್ನೊಂದನೆಯ ಪದರಕ್ಕೆ ನಡುಕ ನಿಂತಿತು. ಅರವನ್ನು ತೇಯ್ದು ಮಾಡಿದ ಉಳಿ ಒತ್ತಿದೆ. ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಮೇಲೆ ಬಿತ್ತು. ಅಬ್ಬಾ, ಆ ಸದ್ದು! ಕೆಲಸ ಸಿಕ್ಕ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಹರ್ಷದಾಳಿಗೆ ಹೆಣ್ಣು ಕೂಸಾಯಿತು. ಹೆಸರಿಡುವ ಭಾನುವಾರಕ್ಕೆ ಒಂದು ದಿನ ಮೊದಲು ನಾಲ್ಕು ಕಂಬ ಸಿದ್ಧವಾಗಿದ್ದವು. ಐದನೆಯದಕ್ಕೆ ಮರ ಏರಿಸುತ್ತಿದ್ದಾಗ ಬಂಡೆಮ್ಮ ಬಂದರು. ಲೇತನ್ನು ನೋಡಿ ಎರಡು ಸುತ್ತು ಹಾಕಿದರು.

"ಪೂಜಿ ಮಾಡೀರೇನ್ರಿ ಇದಕ್ಕ?"

ಮಾಡಿರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆತೇಹೋಗಿತ್ತು.

"ಅಯ್ಯ ಶಿವನ! ಪೂಜಿ ಇಲ್ಲದ ಯಂತ್ರದಾಗ ಕಡದ ಕಂಬದ ತೊಟ್ಟಿಲದಾಗ ಕೂಸು ಮಲಗಸ್ತಾರೇನು?"

ಮಾತು ನನಗೂ ಸರಿ ಕಂಡಿತು. ಸ್ವಿಚ್ಚು ಆರಿಸಿ, ವಿಭೂತಿ ಬಳಿದು, ಹೂವು ಏರಿಸಿ ಕೈ ಮುಗಿದು ನಿಂತೆ. ಬಂಡೆಮ್ಮ ಸ್ಟ್ಯಾಂಡಿನ ಅಂಚಿಗೇ ಫಟ್ಟಂತ ಕಾಯಿ ಒಡೆದರು. ನೀರು ನೇರವಾಗಿ ಮುಚ್ಚಳವಿಲ್ಲದ ಮೋಟಾರಿನೊಳಗೆ ಇಳಿಯಿತು. ಭಕ್ತಿಯಲ್ಲಿ ಇಬ್ಬರೂ ಅದನ್ನು ಗಮನಿಸಲಿಲ್ಲ. ನಾನು ಸ್ವಿಚ್ಚು ಒತ್ತಿದೆ. ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಅಷ್ಟೇ.

"ಕಾಯಿ ಒಡೀಲಿಲ್ರಿ ನೀವು, ನನ್ನ ತಲಿ ಒಡದ್ರಿ!" ಎಂದು ಕೂಗಿದೆ.

ಗೋಪಿನಾಥ ಹೆಲ್ಮೆಟ್ಟಿನೊಳಗೇ ನಾಲಿಗೆ ಕಚ್ಚಿಕೊಂಡರು. ಹೆಣ್ಣಿನ ಕಡೆಯವಳು ಬೀಗಿತಿಯ ಮೇಲೆ ದನಿ ಏರಿಸುವುದೆಂದರೇನು! ಬಂಡೆಮ್ಮ ಬಗ್ಗಿ ಸ್ಟ್ಯಾಂಡಿನ ಕೆಳಗೆ ನೋಡಿದರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕೂತು, ಸೀರೆ ಮೇಲೆತ್ತಿ ಪೆಡಲಿನ ಮೇಲೆ ಎರಡೂ ಪಾದ ಇಟ್ಟರು.

"ಇಪ್ಪತ್ತು ವರ್ಷ ಮಂದಿ ಕುಬಸ ಹೊಲದು ಮಗನ್ನ ಓದಿಸೀನಿ. ನನ್ನ ಕಾಲಿಗಿ ಕರೆಂಟ್ ಬೇಕಾಗಿಲ್ಲ. ಪಟ್ಟಾ ಈ ಚಕ್ರಕ್ಕ ಹಾಕ್ರಿ," ಎಂದರು.

ಪಟ್ಟಾ ಹಾಕಿದೆ. ಅವರು ತುಳಿದರು. ಮರ ತಿರುಗಿತು. ಮೋಟಾರಿನಷ್ಟು ವೇಗವಿಲ್ಲ, ಆದರೆ ಏರುಪೇರೂ ಇಲ್ಲ.

"ಸಾವಕಾಶ್ರಿ ಬಂಡೆಮ್ಮವ್ರ, ಇಲ್ಲಿ ಕೈಬಳಿಯಂಥಾ ಸಣ್ಣ ಉಬ್ಬು ಬರಬೇಕು."

"ನೀವು ಕೈ ನೋಡಿಕೋರಿ, ಕಾಲು ನನಗ ಬಿಡ್ರಿ."

ಎರಡು ತಾಸು ಹಿಡಿಯಿತು. ಅವರು ಒಮ್ಮೆಯೂ ನಿಲ್ಲಿಸಲಿಲ್ಲ. ಸಂಜೆಯ ಹೊತ್ತಿಗೆ ಐದೂ ಕಂಬ ತೊಟ್ಟಿಲಿಗೆ ಕೂತವು. ಕೂಗಾಡಿದ್ದಕ್ಕೆ ಕ್ಷಮೆ ಕೇಳಲು ಹೋದರೆ, "ನೀರು ಒಳಗ ಬಿಟ್ಟಾಕಿ ನಾನ ಅಲ್ಲೇನು?" ಎಂದು ನಕ್ಕರು.

ಆದರೆ ಅಸಲಿ ಪರೀಕ್ಷೆ ಭಾನುವಾರವಿತ್ತು. ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡಪ್ಪ ಮಲಗಬೇಕು. ಗುಂಡಪ್ಪ ಎಂದರೆ ರುಬ್ಬುವ ಗುಂಡುಕಲ್ಲು; ಎಣ್ಣೆ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ, ಹೆಂಗಸರು ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ನಮ್ಮ ಕೂಸು ಮೂರು ಕಿಲೊ. ಕಲ್ಲು ಆರು ಕಿಲೊ! ಐದರಲ್ಲಿ ಒಂದು ಕಂಬ ಸೀಳಿದರೂ ಮನೆ ತುಂಬಿದ ಬೀಗರ ಮುಂದೆ ನನ್ನ ಮಾನ ಹೋದಂತೆ. ಕಲ್ಲು ಕೊನೆಗೆ ಬಂಡೆಮ್ಮನವರ ಕೈಗೆ ಬಂತು. ಅವರು ಅದನ್ನು ತೊಟ್ಟಿಲಲ್ಲಿ ಇಟ್ಟರು. ತೊಟ್ಟಿಲು ಕಿರ್ ಅನ್ನಲಿಲ್ಲ. ಬಂಡೆಮ್ಮ ಅಷ್ಟಕ್ಕೇ ಬಿಡದೆ ಎರಡೂ ಕೈ ಊರಿ ಕಲ್ಲಿನ ಮೇಲೆ ಒತ್ತಿದರು. ಆಗಲೂ ಅನ್ನಲಿಲ್ಲ.

"ಯಾವ ಅಂಗಡಿದವ್ವಾ ಇದು? ಭಾಳ ಛಲೋ ಐತಿ," ಎಂದು ಅವರ ಕಡೆಯ ಮುದುಕಿಯೊಬ್ಬರು ಕೇಳಿದರು.

"ಅಂಗಡಿದಲ್ಲ. ನಮ್ಮ ಬೀಗಿತಿ ಗುಜರಿ ಸಾಮಾನ ತಂದು, ತಾವ ಯಂತ್ರ ಕಟ್ಟಿ ಕಡದಾರ," ಎಂದರು ಬಂಡೆಮ್ಮ, ಇಡೀ ಮನೆಗೆ ಕೇಳುವಂತೆ. "ಒಂದು ಕಂಬಕ್ಕ ಪೆಡಲು ನಾ ತುಳದೀನಿ."

ಆಮೇಲೆ ಕಲ್ಲು ಎತ್ತಿ ಗೋಪಿನಾಥರ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು. "ಬರ್ರಿ, ನನ್ನ ಮೊಮ್ಮಗಳನ್ನ ನೀವ ಮಲಗಸ್ರಿ."

ನನಗೆ ಅಳು ತಡೆಯಲಾಗಲಿಲ್ಲ. ತಡೆಯುವ ಗೋಜಿಗೂ ಹೋಗಲಿಲ್ಲ. ಹರ್ಷದಾಳ ಮಡಿಲಿನಿಂದ ಕೂಸನ್ನು ಎತ್ತಿ ಮಲಗಿಸಿ ತೂಗಿದೆ. ಹೆಂಗಸರು ಜೋಗುಳ ಶುರುಮಾಡುವ ಮೊದಲೇ ಅದು ನಿದ್ದೆಹೋಗಿತ್ತು.