ಇಪ್ಪತ್ತರ ಗೆರೆ

ಅನ್ನಪೂರ್ಣಾ ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ ಅಂತಲ್ಲ. ಆ ನಿದ್ದೆ ಹಿಂದಿನ ದಿನದ ದಣಿವನ್ನು ಪೂರ್ತಿ ತೀರಿಸುವ ಮೊದಲೇ ಮುಂದಿನ ದಿನ ಬಂದು ಹೊಸ್ತಿಲಲ್ಲಿ ನಿಂತಿರುತ್ತಿತ್ತು. ಸೂಡಿಯ ಆ ಮನೆಯಲ್ಲಿ ನೀರು ಕಾಯಿಸಿ, ರೊಟ್ಟಿ ಬಡಿದು, ಅತ್ತೆ ಕಲ್ಲವ್ವನಿಗೆ ಇನ್ಸುಲಿನ್ ಚುಚ್ಚಿ, ಅವಳ ಮುಂದೆ ತಾಟು ಇಟ್ಟು, ಸೀರೆ ಸರಿಮಾಡಿಕೊಳ್ಳುತ್ತಲೇ ಓಡಿಹೋಗಿ ಗಜೇಂದ್ರಗಡದ ಬಸ್ಸು ಹಿಡಿಯಬೇಕು. ಅಲ್ಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಾಗ ಸಂಜೆಯೂ ಪಾಠ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕ ದಿನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಸೂಡಿ ಬಂದಾಗ ಕಂಡಕ್ಟರೇ ಕರೆದು ಎಬ್ಬಿಸುತ್ತಿದ್ದ.

ಕಲ್ಲವ್ವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಮೊದಲು ಗುಳಿಗೆ, ಆಮೇಲೆ ಸೂಜಿ. ಸೂಜಿ ಹಾಕಲು ಕಲಿತವಳು ಸೊಸೆ ಒಬ್ಬಳೇ. ಮಗ ಸಿದ್ದಲಿಂಗ ಊರಲ್ಲೇ ಬೀಜ, ಗೊಬ್ಬರದ ಅಂಗಡಿ ನಡೆಸುವವನು. ಗೊಬ್ಬರದ ಚೀಲವನ್ನು ಒಂದೇ ಏಟಿಗೆ ಹೆಗಲಿಗೇರಿಸುವ ಆ ಗಂಡಸು ಸೂಜಿ ಕಂಡರೆ ಅಂಗಳಕ್ಕೆ ಎದ್ದುಹೋಗುತ್ತಿದ್ದ. "ನೀ ಸೈನ್ಸ್ ಓದಿದಾಕಿ, ನಿನಗ ತಿಳಿತೈತಿ" ಎಂದು ಒಮ್ಮೆ ಅಂದಿದ್ದ. ಆ ಮಾತಿನಿಂದ ಕೆಲಸ ಕಾಯಮ್ಮಾಗಿ ಅವಳದಾಯಿತು.

ಮುಂಜಾನೆ ಇಪ್ಪತ್ತು, ಸಂಜೆ ಹನ್ನೆರಡು. ಇಪ್ಪತ್ತು ಏನು ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಊರವರೆಲ್ಲ ಅನ್ನುವಂತೆ ಇವರೂ ಇಪ್ಪತ್ತು ಪಾಯಿಂಟು ಅನ್ನುತ್ತಿದ್ದರು. ಶಾಲೆಯಲ್ಲಿ ಅನ್ನಪೂರ್ಣಾ ಏಕಮಾನ ಬರೆಯದ ಉತ್ತರಕ್ಕೆ ಅರ್ಧ ಅಂಕ ಕತ್ತರಿಸುತ್ತಿದ್ದಳು. ಬರೀ ಐದು ಅಂದರೆ ಐದು ಏನು, ಮೀಟರೋ, ಸೆಕೆಂಡೋ, ಕಿಲೋನೋ ಎಂದು ಹುಡುಗರನ್ನು ನಿಲ್ಲಿಸಿ ಕೇಳುತ್ತಿದ್ದಳು. ಮನೆಗೆ ಬಂದರೆ ಅವಳೂ ಪಾಯಿಂಟು ಅಂತಲೇ ಅನ್ನುತ್ತಿದ್ದಳು. ಸಿರಿಂಜಿನ ಮೈಮೇಲೆ ಇಪ್ಪತ್ತರ ಗೆರೆ ನಟ್ಟನಡುವೆ ಇತ್ತು. ಔಷಧ ಏರಿ ಅಲ್ಲಿಗೆ ಬಂದು ನಿಂತರೆ ಮುಗಿಯಿತು. ಆ ಗೆರೆ ಅವಳ ಕೈಗೆ ಗೊತ್ತಿತ್ತು.

ಆ ವಾರ ಇನ್ಸುಲಿನ್ ಬಾಟಲಿ ತೀರಿತು. ಅಂಗಡಿಯ ಮಾಲು ತರಲು ಗಜೇಂದ್ರಗಡಕ್ಕೆ ಹೋಗಿದ್ದ ಸಿದ್ದಲಿಂಗನಿಗೆ ಅವಳು ಫೋನ್ ಮಾಡಿ, ರಿಯಾಜನ ಮೆಡಿಕಲ್ ಅಂಗಡಿಯಿಂದ ತರಲು ಹೇಳಿದಳು. ಅವನು ತಂದು ಫ್ರಿಜ್ಜಿನ ಬಾಗಿಲಲ್ಲಿಟ್ಟ. ಅವಳು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದಳು, "ತಂದ್ರೇನ್ರಿ?" ಎಂದಳು. "ತಂದೀನಿ" ಎಂದ. ಅಷ್ಟೇ ಮಾತು.

ಮರುದಿನ ಮುಂಜಾನೆ ಅವಳು ಹೊಸ ಬಾಟಲಿ ತೆಗೆದು ಎರಡೂ ಅಂಗೈಯ ನಡುವೆ ಹೊರಳಾಡಿಸಿದಳು. ತಳದ ಬಿಳಿ ಗಸಿ ಬೆರೆಯಿತು. ಕರೆಂಟು ಇತ್ತು, ದೀಪ ಉರಿಯುತ್ತಿತ್ತು, ಕಣ್ಣೂ ತೆರೆದೇ ಇತ್ತು. ಡಬ್ಬಿಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜು ತೆಗೆದು ಇಪ್ಪತ್ತರ ಗೆರೆಯವರೆಗೆ ಎಳೆದು, ಗುಳ್ಳೆ ಹೋಗುವಂತೆ ಬೆರಳಿನಿಂದ ತಟ್ಟಿ, ಅತ್ತೆಯ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದಳು.

"ಇವತ್ತ ಉರಿ ಹತ್ತಲಿಲ್ಲ ನೋಡು" ಎಂದಳು ಕಲ್ಲವ್ವ.

"ಹೊಸಾ ಸೂಜಿರಿ ಅತ್ಯಾರ" ಎಂದು ಅನ್ನಪೂರ್ಣಾ ತಾಟು ಮುಂದಿಟ್ಟಳು. ಕಲ್ಲವ್ವ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದಳು. ಅನ್ನಪೂರ್ಣಾ ಬಸ್ಸಿಗೆ ಓಡಿದಳು.

ಮೂರನೆಯ ಪಿರಿಯಡ್ಡು ಮುಗಿಸಿ ಬಂದು ಕೂತಾಗ ಫೋನು ಬಂತು. ಸಿದ್ದಲಿಂಗನ ದನಿ ಎಂದಿನಂತಿರಲಿಲ್ಲ.

"ಅವ್ವ ಹ್ಯಾಂಗರೆ ಮಾಡಾಕತ್ತಾಳ. ಚಾ ಕುಡ್ಯಾಕಂತ ಮನಿಗೆ ಬಂದೆ. ಮೈಯೆಲ್ಲಾ ಬೆವರು, ಕೈ ನಡಗಾಕತ್ತಾವ. ನನ್ನ ನೋಡಿ, ಅಣ್ಣಾ, ಎತ್ತ ಕಟ್ಟಿದೇನೋ ಅಂತ ಕೇಳತಾಳ."

ಅನ್ನಪೂರ್ಣಾ ಎದ್ದು ನಿಂತಳು. "ಎಚ್ಚರ ಅದಾರೇನ್ರಿ? ಕೊಟ್ರ ನುಂಗತಾರ?"

"ನುಂಗತಾಳ ಕಾಣತೈತಿ."

"ನೀರಾಗ ಸಕ್ಕರಿ ಕದಡಿ ಕುಡಸ್ರಿ. ಮೊದಲ ಅದನ್ನ ಮಾಡ್ರಿ, ಆಮ್ಯಾಲೆ ಗಾಡಿ ನೋಡ್ರಿ."

"ಸಕ್ಕರಿ? ಅವ್ವಗ?"

"ಹೌದ್ರಿ, ಸಕ್ಕರಿನ. ಮೈಯಾಗಿನ ಸಕ್ಕರಿ ಇಳಿದಂಗ ಕಾಣತೈತಿ. ಲಗೂ ಕುಡಸ್ರಿ. ಬರೋವಾಗ ಔಷಧದ ಬಾಟ್ಲಿ, ಸಿರಿಂಜಿನ ಡಬ್ಬಿ ತಗೊಂಡ ಬರ್ರಿ. ಡಾಕ್ಟರ್ ಕೇಳತಾರ."

ಆಸ್ಪತ್ರೆ ಶಾಲೆಯಿಂದ ದೂರವಿರಲಿಲ್ಲ. ಹೆಡ್‌ಮಾಸ್ತರಿಗೆ ಒಂದು ಮಾತು ಹೇಳಿ ಅವಳು ನಡೆದೇ ಹೋಗಿ ಗೇಟಿನಲ್ಲಿ ನಿಂತಳು. ಪಕ್ಕದ ಮನೆಯವರ ಕಾರು ಬಂದಾಗ ಹಿಂದಿನ ಸೀಟಿನಲ್ಲಿ ಕಲ್ಲವ್ವ ಮಗನ ತೊಡೆಯ ಮೇಲೆ ಒರಗಿದ್ದಳು. ರವಿಕೆ ತೊಯ್ದು ಮೈಗಂಟಿತ್ತು, ತುಟಿಯ ಬದಿಗೆ ಸಕ್ಕರೆ ನೀರು ಒಣಗಿತ್ತು. ಸೊಸೆಯನ್ನು ನೋಡಿದಳು, ಗುರುತು ಹತ್ತಲಿಲ್ಲ.

ಬೆರಳಿಗೆ ಚುಚ್ಚಿ ರಕ್ತ ನೋಡಿದರು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದ ಸಕ್ಕರೆ, ಅಷ್ಟು ಸಕ್ಕರೆ ನೀರು ಕುಡಿದ ಮೇಲೂ ಮೂವತ್ತೆಂಟಿತ್ತು. ಕೂಡಲೇ ಸಲೈನ್ ಹಚ್ಚಿ ನರದೊಳಕ್ಕೆ ಗ್ಲೂಕೋಸು ಬಿಟ್ಟರು. ಸ್ವಲ್ಪ ಹೊತ್ತಿಗೆ ಕಲ್ಲವ್ವನ ಕಣ್ಣು ತಿಳಿಯಾದವು. "ಯಾಕ ಬಂದೇವಿ ಇಲ್ಲಿ?" ಎಂದು ಕೇಳಿದಳು. ಸಿದ್ದಲಿಂಗ ಗೋಡೆಯ ಕಡೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡ.

ಡಾಕ್ಟರಮ್ಮ ನಡುವಯಸ್ಸಿನವರು. ಅವರ ಮುಖದಲ್ಲೂ ಬೆಳಗಿನಿಂದ ಕೂತಿಲ್ಲದ ದಣಿವಿತ್ತು. "ಮುಂಜಾನೆ ಎಷ್ಟು ಕೊಟ್ರಿ?" ಎಂದರು.

"ಇಪ್ಪತ್ತ್ರಿ."

"ನಾಷ್ಟಾ ಮಾಡಿದ್ರಾ?"

"ಎರಡ ರೊಟ್ಟಿ ತಿಂದಾರ್ರಿ."

"ಬಾಟ್ಲಿ ತೋರಸ್ರಿ."

ಸಿದ್ದಲಿಂಗ ಜೇಬಿನಿಂದ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಡಾಕ್ಟರಿಗೆ ದಾಟಿಸುವಾಗ ಕಣ್ಣು ಚೀಟಿಯ ಮೇಲೆ ಬಿತ್ತು. ಅದೇ ಕಂಪನಿ, ಅದೇ ಹೆಸರು, ಅದೇ ಗಾತ್ರ. ಹೆಸರಿನ ಕೆಳಗೆ ಒಂದು ಮಿಲಿಲೀಟರಿಗೆ ನೂರು ಯೂನಿಟ್ ಎಂದಿತ್ತು. ಇಷ್ಟು ವರ್ಷ ಬರುತ್ತಿದ್ದದ್ದು ನಲವತ್ತು.

ಲೆಕ್ಕ ತಾನಾಗಿಯೇ ಆಯಿತು. ಮನೆಯ ಸಿರಿಂಜು ನಲವತ್ತರ ಔಷಧಕ್ಕೆಂದು ಗೆರೆ ಹಾಕಿದ್ದು. ಅದರಲ್ಲಿ ಇಪ್ಪತ್ತು ಅಂದರೆ ಅರ್ಧ ಮಿಲಿಲೀಟರು. ನೂರರ ಔಷಧದಲ್ಲಿ ಅರ್ಧ ಮಿಲಿಲೀಟರು ಅಂದರೆ ಐವತ್ತು. ಗೆರೆ ಬದಲಾಗಿರಲಿಲ್ಲ, ಒಳಗಿನದು ಎರಡೂವರೆ ಪಟ್ಟಾಗಿತ್ತು. ಡಾಕ್ಟರು ಬಾಯಿ ತೆರೆಯುವ ಮೊದಲೇ ಅವಳು ಚೀಟಿಯ ಆ ನೂರರ ಮೇಲೆ ಬೆರಳಿಟ್ಟಿದ್ದಳು.

"ಇಪ್ಪತ್ತಲ್ರಿ, ಐವತ್ತು ಹೋಗೈತಿ" ಎಂದರು ಡಾಕ್ಟರಮ್ಮ. ಬೈಯಲಿಲ್ಲ. "ನೂರರ ಬಾಟ್ಲಿಗೆ ಕಿತ್ತಳೆ ಮುಚ್ಚಳದ ಸಿರಿಂಜು ಬೇಕು. ಇಂಥಾವು ಆಗಾಗ ಬರತಾವ ನಮ್ಮ ಕಡೆ. ಸಕ್ಕರಿ ಕುಡಿಸಿದ್ದು ಚಲೋ ಆತು. ಈ ಔಷಧದ ಜೋರು ನಾಳಿತನಕ ಇರತೈತಿ, ಇಲ್ಲೇ ಇರಲಿ."

ಡಾಕ್ಟರು ಹೋದ ಮೇಲೆ ಸಿದ್ದಲಿಂಗ ಅವಳನ್ನು ವರಾಂಡದ ಕಡೆ ಕರೆದ. ಕೈಯಲ್ಲಿದ್ದ ಟವೆಲನ್ನು ಹಿಂಡುತ್ತಾ ನಿಂತ. "ರಿಯಾಜ ಹೇಳಿದ್ದ" ಎಂದ. "ನಲವತ್ತಿಂದು ಬಂದಿಲ್ಲ ಅಣ್ಣಾರ, ಇದು ಬ್ಯಾರೆ, ಇದಕ ಸೂಜಿನೂ ಬ್ಯಾರೆ ಒಯ್ರಿ ಅಂತ. ಇಂವ ಏನೋ ಮಾಲು ಖರ್ಚ ಮಾಡಾಕ ನೋಡತಾನ ಅಂದಕೊಂಡೆ. ಮನ್ಯಾಗ ಡಬ್ಬಿ ತುಂಬ ಅದಾವ ಬಿಡೋ ಅಂದೆ."

ಅನ್ನಪೂರ್ಣಾ ಅವನನ್ನು ನೋಡಿದಳು. ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. "ನನಗೊಂದ ಮಾತ ಹೇಳಬೇಕಿತ್ರಿ" ಎಂದಳು. ಅವನು ತಲೆಯಾಡಿಸಿದ.

ಮಧ್ಯಾಹ್ನ ನರಗುಂದದಿಂದ ನಾದಿನಿ ರೂಪಾ ಬಂದಳು. ರೋಣದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅತ್ತು, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಆ ಅಳುವೆಲ್ಲ ಸಿಟ್ಟಾಗಿತ್ತು. ಅಣ್ಣ ತೊದಲುತ್ತಾ ಬಾಟಲಿಯ ಸಂಗತಿಯನ್ನಷ್ಟೇ ಹೇಳಿದ, ಉಳಿದದ್ದು ಹೇಳಲಿಲ್ಲ.

"ನಾವು ಕೇಳಿದ್ದೊಂದು, ಆ ಅಂಗಡ್ಯಾಂವ ಕೊಟ್ಟಿದ್ದೊಂದು ಅಂದ್ರ ಏನ್ರಿ ವೈನಿ? ಜೀವದ ಜೋಡಿ ಆಟಾನ? ನಮ್ಮ ಮನಿಯವ್ರಿಗೆ ಹೇಳತೀನಿ, ನಾಳೆ ನಾಕು ಮಂದಿ ಕರಕೊಂಡ ಬಂದು ಅವನ ಅಂಗಡಿ ಮುಂದ ಕುಂದರತಾರ."

ಸಿದ್ದಲಿಂಗ ನೆಲ ನೋಡುತ್ತಿದ್ದ. ತಪ್ಪು ಅಂಗಡಿಯವನ ಮೇಲೆ ಹೋಗಿ ಕೂತರೆ ಈ ಮನೆ ಹಗುರಾಗುತ್ತದೆ ಎಂಬುದು ಅನ್ನಪೂರ್ಣಾಗೂ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯಾಯಿತು. ಸಿರಿಂಜು ತರುತ್ತೇನೆ ಎಂದು ಎದ್ದು ಹೊರಬಿದ್ದಳು.

ರಿಯಾಜ ಅವಳ ಹಳೆಯ ವಿದ್ಯಾರ್ಥಿ. ಅವಳನ್ನು ಕಂಡವನೇ ಗಿರಾಕಿಗಳನ್ನು ಬಿಟ್ಟು ಈಚೆ ಬಂದ. ಸುದ್ದಿ ಅವನಿಗಾಗಲೇ ಮುಟ್ಟಿತ್ತು.

"ಟೀಚರ್, ಅಮ್ಮಾರು ಹ್ಯಾಂಗದಾರ್ರಿ?"

"ಮಾತಾಡಾಕತ್ತಾರ. ಈಗ ಚಲೋ ಅದಾರ."

ಅವನು ಉಸಿರು ಬಿಟ್ಟ. "ನಾ ಅಣ್ಣಾರಿಗೆ ಹೇಳಿದ್ದೆ ಟೀಚರ್. ಖರೇ ಹೇಳತೀನಿ. ಬ್ಯಾಡ ಅಂದ್ರು. ಬ್ಯಾಡ ಅಂದ್ರೂ ಚೀಲದಾಗ ಹಾಕಿ ಕಳಸಬೇಕಿತ್ತು. ನಿಮಗರೆ ಫೋನ್ ಮಾಡಬೇಕಿತ್ತು. ಗದ್ದಲದಾಗ ಮರತೆ."

"ನೀ ಹೇಳಿದ್ದಿ ಅಂತ ಗೊತ್ತೈತಿ" ಎಂದಳು ಅನ್ನಪೂರ್ಣಾ. "ಅವ್ರು ಕೇಳಲಿಲ್ಲ. ನಾ ಓದಲಿಲ್ಲ. ಬಾಟ್ಲಿ ಕೈಯಾಗ ಹಿಡಿದೆ, ತಿಕ್ಕಿದೆ. ಓದಲಿಲ್ಲ ನೋಡು."

ಅವನು ಕುರ್ಚಿ ತಂದಿಟ್ಟು ನೀರು ಕೊಟ್ಟ. ಅವಳು ಕೂತು ನೀರು ಕುಡಿದಳು. ಬೆಳಗಿನಿಂದ ಅವಳ ಬಾಯಿಗೆ ಬಿದ್ದ ಮೊದಲ ನೀರು ಅದು. ಮತ್ತೆ ಏಳಲು ಸ್ವಲ್ಪ ಹೊತ್ತೇ ಹಿಡಿಯಿತು.

ಕಿತ್ತಳೆ ಮುಚ್ಚಳದ ಸಿರಿಂಜು ಕೊಂಡು ವಾರ್ಡಿಗೆ ಮರಳಿದಾಗ ರೂಪಾ ಇನ್ನೂ ಫೋನಿನಲ್ಲಿ ಗಂಡನಿಗೆ ಹೇಳುತ್ತಲೇ ಇದ್ದಳು. ಅನ್ನಪೂರ್ಣಾ ಅವಳೆದುರು ನಿಂತು, "ಫೋನ್ ಇಡವ್ವಾ" ಎಂದಳು. "ಆ ಹುಡುಗಂದು ತಪ್ಪಿಲ್ಲ. ಔಷಧ ಬ್ಯಾರೆ ಐತಿ, ಸೂಜಿ ಬ್ಯಾರೆ ಒಯ್ರಿ ಅಂತ ನಿಮ್ಮಣ್ಣಗ ಹೇಳ್ಯಾನ."

ರೂಪಾ ಅಣ್ಣನ ಕಡೆ ತಿರುಗಿದಳು. ಅವನು ಹೌದೆಂಬಂತೆ ಗೋಣು ಹಾಕಿದ.

"ಮತ್ತ ಯಾರದು ತಪ್ಪು?"

"ಚುಚ್ಚಿದಾಕಿ ನಾನು. ನೋಡಿ ಚುಚ್ಚಬೇಕಿತ್ತು. ನಂದ."

"ಇಷ್ಟ ಓದಿ ನೀವ ಹಿಂಗ ಮಾಡಿದ್ರ ಹ್ಯಾಂಗ್ರಿ ವೈನಿ?" ರೂಪಾಳ ದನಿ ಇಳಿದಿತ್ತು, ಆದರೆ ಮಾತು ಇಳಿದಿರಲಿಲ್ಲ. "ಅವ್ವನ್ನ ನಾ ನರಗುಂದಕ್ಕ ಕರಕೊಂಡ ಹೋಗತೀನಿ."

ಕರೆದುಕೊಂಡು ಹೋಗಲಿ ಎಂದು ಅನ್ನಪೂರ್ಣಾಳ ಒಳಗೊಂದು ಜೀವ ಅಂದಿತು. ಮುಂಜಾನೆ ಇನ್ನೊಂದಿಷ್ಟು ಮಲಗಬಹುದು.

ಮಂಚದ ಮೇಲಿಂದ ಕಲ್ಲವ್ವ ಕೆಮ್ಮಿದಳು. ಕಣ್ಣು ಮುಚ್ಚಿದ್ದರೂ ಎಲ್ಲ ಕೇಳಿಸಿಕೊಂಡಿದ್ದಳು. "ಅಲ್ಲಿ ನನಗ ಚುಚ್ಚಾವ್ರು ಯಾರಬೇ? ನೀನಾ?"

ಸೂಜಿಯ ವಿಷಯದಲ್ಲಿ ರೂಪಾಳೂ ಅಣ್ಣನ ತಂಗಿಯೇ.

"ಇಷ್ಟ ವರ್ಷ ಈಕಿ ಚುಚ್ಚ್ಯಾಳ. ಒಂದ ದಿನ ಹಬ್ಬ ಇಲ್ಲ, ಜಡ್ಡ ಇಲ್ಲ. ತನಗ ಜ್ವರ ಬಂದಾಗೂ ಎದ್ದ ಬಂದ ಚುಚ್ಚಿ ಹೋಗಿ ಮತ್ತ ಮಲಕೊಂಡಾಳ. ಅವಾಗ ಯಾರೂ ಬಂದ ಕೇಳಲಿಲ್ಲ." ಕಲ್ಲವ್ವ ಸಲೈನ್ ಇಲ್ಲದ ಕೈಯಿಂದ ಸೆರಗು ಸರಿಮಾಡಿಕೊಂಡಳು. "ಇನ್ನ ಮ್ಯಾಲೆ ಈಕಿ ಚುಚ್ಚೂದು ಬ್ಯಾಡ."

ತನ್ನ ಮೇಲಿನ ನಂಬಿಕೆ ಹೋಯಿತು ಎಂದು ಅನ್ನಪೂರ್ಣಾ ಅಂದುಕೊಂಡಳು.

"ನಾನ ಚುಚ್ಚಿಕೋತೀನಿ. ಹೊಟ್ಟಿ ನಂದು, ಕೈ ಅದಾವ. ಕಲಸಿಕೊಡು."

ಮರುದಿನ ಸಂಜೆ ಆಸ್ಪತ್ರೆಯಿಂದ ಮನೆಗೆ ಬಿಟ್ಟರು. ಔಷಧ ಚುಚ್ಚುವ ಮೊದಲು ಮನೆಯಲ್ಲಿ ಇಬ್ಬರು ನೋಡಬೇಕು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ರೂಪಾ ಎರಡು ದಿನ ಇದ್ದು ನರಗುಂದಕ್ಕೆ ಹೋದಳು. ಹೋಗುವಾಗ ಅತ್ತಿಗೆಗೆ ಸರಿಯಾಗಿ ಮುಖ ಕೊಡಲಿಲ್ಲ, ವಾರದ ಮೇಲೆ ತಾನಾಗಿ ಫೋನ್ ಮಾಡಿದಳು. ಕಲ್ಲವ್ವ ಅಕ್ಷರ ಕಲಿತವಳಲ್ಲ, ಅಂಕಿ ಬಲ್ಲಳು. ಕನ್ನಡಕ ಹಾಕಿಕೊಂಡು, ಬರೀ ನೀರು ಎಳೆದು ಎಳೆದು ಅಭ್ಯಾಸ ಮಾಡಿದಳು. ಮೊದಲ ಸಲ ಚುಚ್ಚಿಕೊಂಡಾಗ ರಕ್ತ ಬಂತು. ಅಂಜಲಿಲ್ಲ. ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಎರಡನ್ನೂ ಗಟ್ಟಿಯಾಗಿ ಓದುವ ಕೆಲಸ ಸಿದ್ದಲಿಂಗನ ಪಾಲಿಗೆ ಬಂತು. ಓದಿದವನೇ ಅವನು ಈಗಲೂ ಅಂಗಳಕ್ಕೆ ಹೋಗುತ್ತಿದ್ದ.

ಒಂದು ರವಿವಾರ ಸಂಜೆ ಕಲ್ಲವ್ವ ಸೂಜಿ ಚುಚ್ಚಿಕೊಂಡು, ಊಟಕ್ಕೆ ಕಾಯುತ್ತಾ ಕೂತಳು. ಅನ್ನಪೂರ್ಣಾ ಗೋಡೆಗೆ ಒರಗಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

"ಅಲ್ಲ, ಪಾಯಿಂಟು ಅಂದ್ರ ಏನವ್ವಾ? ತೂಕಾನೋ, ಅಳತಿನೋ?" ಎಂದಳು ಕಲ್ಲವ್ವ.

"ಎರಡೂ ಅಲ್ರಿ ಅತ್ಯಾರ. ಅದು ಎಷ್ಟು ಕೆಲಸ ಮಾಡತೈತಿ ಅನ್ನೂದರ ಲೆಕ್ಕ. ಹಿಂದ ಈ ಔಷಧ ಕಂಡು ಹಿಡಿದಾಗ ತೂಗಿ ನೋಡಿದ್ರ ಉಪಯೋಗ ಇರಲಿಲ್ಲ, ಒಂದೊಂದ ಸಲ ಒಂದೊಂದ ಥರಾ ಕಸುವು ಇರತಿತ್ತು. ಅದಕ ಮೊಲ ಹಿಡಿದು, ಉಪವಾಸ ಇಟ್ಟು, ಚುಚ್ಚಿ ನೋಡತಿದ್ರಂತ. ಎಷ್ಟು ಕೊಟ್ರ ಸಕ್ಕರಿ ಇಳಿದು ಮೊಲ ನಡಗಾಕ ಹತ್ತತೈತಿ, ಅದು ಒಂದು ಯೂನಿಟ್, ನಾವು ಅನ್ನೂ ಪಾಯಿಂಟು. ಮುಂದ ಆ ಲೆಕ್ಕ ಬದಲಿ ಮಾಡಿದ್ರು."

ಕಲ್ಲವ್ವ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. "ನಡಗಿದ ಮ್ಯಾಲೆ ಅದಕ ಸಕ್ಕರಿ ನೀರು ಕುಡಸತಿದ್ರೇನು?"

"ಗ್ಲೂಕೋಸ್ ಚುಚ್ಚತಿದ್ರಂತ್ರಿ. ಕೆಲವು ಏಳತಿದ್ದವು..."

"ಉಳದಾವು?"

ಉತ್ತರ ಬರಲಿಲ್ಲ. ಕಲ್ಲವ್ವ ತಲೆಯೆತ್ತಿ ನೋಡಿದಳು. ಸೊಸೆಯ ಕುತ್ತಿಗೆ ಒಂದು ಕಡೆ ವಾಲಿತ್ತು, ಬಾಯಿ ತುಸು ತೆರೆದಿತ್ತು, ಅರ್ಧ ಸೋಸಿದ ಸೊಪ್ಪು ಮಡಿಲಲ್ಲೇ ಇತ್ತು.

ಕಲ್ಲವ್ವ ಮೆಲ್ಲಗೆ ಜರುಗಿ ಬಂದು ಸೊಪ್ಪಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅಂಗಳದಲ್ಲಿ ನಿಂತಿದ್ದ ಮಗನನ್ನು ಸನ್ನೆ ಮಾಡಿ ಕರೆದು, "ಒಲಿ ಹಚ್ಚು, ಸಪ್ಪಳ ಮಾಡಬ್ಯಾಡ" ಎಂದಳು.