ಒರತೆಯ ಗೆಂಡೆ

ನಮ್ಮ ಯಜಮಾನರು ತಿಪ್ಪೇಶಪ್ಪ ಮೀನು ಹಿಡಿಯುವುದನ್ನು ಮೊಬೈಲಿನಲ್ಲಿ ನೋಡಿ ಕಲಿತವರು. ಜಗಳೂರು ಸೀಮೆಯ ನಮ್ಮೂರ ಕೆರೆಗೆ ಪೈಪಿನಲ್ಲಿ ಹೊಳೆ ನೀರು ಬಂದದ್ದು ಈಚೆಗೆ. ಅದಕ್ಕೂ ಮುಂಚೆ ಅಲ್ಲಿ ಮೀನಿನ ಮಾತಿರಲಿ, ಕಪ್ಪೆಗೂ ಕಾಲು ತೋಯುತ್ತಿರಲಿಲ್ಲ. ನೀರು ಬಂದದ್ದೇ ತಡ, ಊರ ಗಂಡಸರೆಲ್ಲ ಗಾಳ ಕೊಂಡರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಯುವಕ ಸಂಘದವರು ವರ್ಷಕ್ಕೊಂದು ಗೆಂಡೆ ಮೀನಿನ ಪಂದ್ಯವನ್ನೂ ಶುರು ಮಾಡಿದರು.

ನಾನು ಅಂತರಘಟ್ಟಮ್ಮ, ಬಸವಾಪಟ್ಟಣದ ಕಡೆಯವಳು. ಸೂಳೆಕೆರೆಯ ದಡದಲ್ಲಿ ಅಪ್ಪನ ಪಕ್ಕ ಕೂತು ಗಾಳ ಹಾಕುತ್ತಾ ಬೆಳೆದವಳು. ರಾಗಿ ಮುದ್ದೆಗೆ ಶೇಂಗಾ ಹಿಂಡಿಯನ್ನೂ ಚಿಟಿಕೆ ಇಂಗನ್ನೂ ಸೇರಿಸಿ ಉಂಡೆ ಕಟ್ಟಿದರೆ ಗೆಂಡೆ ಹುಡುಕಿಕೊಂಡು ಬರುತ್ತದೆ ಎಂದು ಇವರಿಗೆ ತೋರಿಸಿಕೊಟ್ಟವಳೂ ನಾನೇ. ಹೋದ ವರ್ಷ ಅದೇ ಉಂಡೆಯಿಂದ ಗೆದ್ದು, ಮೈಕಿನಲ್ಲಿ "ಇದು ನನ್ನದೇ ಸಂಶೋಧನೆ" ಎಂದರು. ನಾನು ಜನರ ನಡುವೆ ಕೂತು ಚಪ್ಪಾಳೆ ತಟ್ಟಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಈ ಸಲ ನಾನೂ ಹೆಸರು ಕೊಟ್ಟೆ. ಇವರು ನಕ್ಕರು.

"ಬಾಯಿ ಮುಚ್ಕೊಂಡು ಅರ್ಧ ತಾಸು ಕೂರಾಕೆ ಆಗಲ್ಲ ನಿಂಗೆ. ಗಾಳ ಹೆಂಗೆ ಹಾಕ್ತೀಯ?"

"ನಾನು ಗೆದ್ರೆ, ಆ ಉಂಡೆ ಯಾರ್ದು ಅಂತ ಮೈಕಲ್ಲಿ ಹೇಳ್ಬೇಕು ನೀವು."

"ಸೋತ್ರೆ?"

"ಸೋತ್ರೆ ಅದರ ಬಗ್ಗೆ ಇನ್ನೊಂದು ಮಾತು ಆಡಲ್ಲ."

ಇಂಥ ಆಸೆ ತೋರಿಸಿದರೆ ಯಾವ ಗಂಡ ಬೀಳುವುದಿಲ್ಲ? ಕೂತಲ್ಲೇ ಒಪ್ಪಿಬಿಟ್ಟರು.

ಭಾನುವಾರ ಬೆಳಿಗ್ಗೆ ಸಂಘದ ಕೊಟ್ರೇಶ್ ಏರಿಯ ಮೇಲೆ ಮೈಕ್ ಹಿಡಿದು ನಿಯಮ ಹೇಳಿದ. ಒಬ್ಬರಿಗೆ ಒಂದೇ ಗಾಳ. ಜಾತಿ ಯಾವುದಾದರೂ ಸರಿ, ಮಧ್ಯಾಹ್ನದೊಳಗೆ ಯಾರ ಮೀನು ಎಲ್ಲಕ್ಕಿಂತ ಹೆಚ್ಚು ತೂಗುತ್ತದೋ ಅವರಿಗೆ ಸ್ಟೀಲಿನ ಕೊಡ.

ಕೆರೆ ಎಂದರೆ ಅಗಲವಷ್ಟೇ, ಹೆಚ್ಚಿನ ಕಡೆ ಮೊಣಕಾಲುದ್ದ ನೀರು. ಗಂಡಸರೆಲ್ಲ ಸೀದಾ ಒಂದೇ ಕಡೆ ಹೋಗಿ ಕೂತರು. ಕೆರೆ ಒಣಗಿದ್ದ ಕಾಲದಲ್ಲಿ ಅದೇ ಅವರ ಕ್ರಿಕೆಟ್ ಮೈದಾನ. ಇವರಂತೂ ನೀರಡಿಯ ಪಿಚ್ಚಿಗೇ ಗುರಿಯಿಟ್ಟು ಗಾಳ ಎಸೆದು, "ಈ ಪಿಚ್ ಮೇಲೆ ನಾನು ಸೋತೋನೇ ಅಲ್ಲ" ಎಂದರು. ವರ್ಷಗಟ್ಟಲೆ ತುಳಿದು, ರೋಲರ್ ಎಳೆದು ಗಟ್ಟಿ ಮಾಡಿದ ನೆಲ ಅದು. ಕೆಸರು ಕೆದಕಿ ತಿನ್ನುವ ಗೆಂಡೆಗೆ ಅಲ್ಲೇನು ಕೆಲಸ? ನಾನು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಕೂರಬೇಕಿತ್ತಲ್ಲ.

ನಾನು ನೀರಿನಲ್ಲಿ ಕೊರಡಾಗಿ ನಿಂತಿದ್ದ ಜಾಲಿ ಮರದ ಹತ್ತಿರ ಹೋದೆ. ಅದರ ಬುಡದಲ್ಲೇ ನಮ್ಮ ಒರತೆ ಇದ್ದದ್ದು. ನಾನು ಮದುವೆಯಾಗಿ ಬಂದ ಕಾಲಕ್ಕೆ ಕುಡಿಯುವ ನೀರೆಂದರೆ ಅದೇ. ಒಣಗಿದ ಕೆರೆಯಲ್ಲಿ ಗುಂಡಿ ತೋಡಿ, ನೀರು ಜಿನುಗುವುದನ್ನು ಕಾದು, ಕರಟದಿಂದ ಗೋರಿ ಕೊಡ ತುಂಬಬೇಕು. ಬೇಸಿಗೆ ಬೇಸಿಗೆಗೂ ತೋಡಿ ತೋಡಿ, ಊರ ಸೊಸೆಯರೆಲ್ಲ ಸೇರಿ ಅಲ್ಲೊಂದು ಆಳುದ್ದದ ಗುಂಡಿ ಮಾಡಿಟ್ಟಿದ್ದೆವು. ಈಗ ಕೆರೆಗೆಲ್ಲ ಅದೇ ತಂಪು ಜಾಗ. ಬಿಸಿಲೇರಿದರೆ ಗೆಂಡೆ ಇನ್ನೆಲ್ಲಿಗೆ ಹೋದೀತು?

ಬಿಸಿಲೇರಿತು. ಅತ್ತ ಇವರಿಗೆ ಅಂಗೈಯಷ್ಟು ದೊಡ್ಡ ಜಿಲೇಬಿ ಮೀನೊಂದು ಸಿಕ್ಕಿತು, ಉಳಿದವರಿಗೆ ಅದೂ ಇಲ್ಲ. ಅದನ್ನೇ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಇತ್ತ ನನ್ನ ಗಾಳದ ಬೆಂಡು ಒಂದು ಸಲ ತಲೆದೂಗಿ, ಪುಳಕ್ಕನೆ ಮುಳುಗಿತು.

ಎಳೆದೆ. ಎತ್ತಿನ ಮೂಗುದಾರ ಹಿಡಿದಂತಾಯಿತು ಕೈಗೆ. ಮೀನು ಜಾಲಿ ಕೊರಡಿಗೆ ದಾರ ಸುತ್ತಿ ನಿಂತುಬಿಟ್ಟಿತು. ಬಿಡಿಸಲೆಂದು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಗುಂಡಿಯ ಅಂಚಿನ ಹೂಳಿನಲ್ಲಿ ಎರಡೂ ಕಾಲು ಹೂತುಹೋದವು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಗೆಂಡೆ ಒಂದು ಸಲ ಮೇಲೆದ್ದು ಬಾಲ ಬಡಿದಾಗ ಏರಿಯ ಮೇಲಿದ್ದ ಜನವೆಲ್ಲ ಎದ್ದು ನಿಂತರು.

ಊರಿಗೆಲ್ಲ ಇದ್ದ ಕೈಬಲೆ ಒಂದೇ, ಇವರು ಆನ್‌ಲೈನಿನಲ್ಲಿ ತರಿಸಿದ್ದು. ಇವರು ನನ್ನನ್ನು ನೋಡಿದರು, ತಮ್ಮ ಗಾಳವನ್ನು ನೋಡಿದರು. ಸುಮ್ಮನೆ ಕೂತರೆ ನನ್ನ ದಾರ ಹರಿದು ಇವರೇ ಗೆಲ್ಲುತ್ತಿದ್ದರು. ಆ ಗಳಿಗೆಯಲ್ಲಿ ನನಗೆ ಮೀನಿನ ಮೇಲಿದ್ದ ನಂಬಿಕೆ ಇವರ ಮೇಲಿರಲಿಲ್ಲ.

ಇವರು ಗಾಳವನ್ನು ನೆಲಕ್ಕೆ ಊರಿ, ಬಲೆ ಹಿಡಿದು, ನೀರೊಳಗೇ ಓಡಿ ಬಂದರು.

"ದಾರ ಸಡ್ಲ ಬಿಡು. ನಾನೈದೀನಿ" ಎಂದವರೇ ಮೀನಿನ ಜೊತೆ ತಾವೂ ಬಲೆಯೊಳಗೆ ಬಿದ್ದರು. ಮೀನಿನ ಸಮೇತ ನಮ್ಮಿಬ್ಬರನ್ನೂ ದಡಕ್ಕೆ ಎಳೆದು ಹಾಕಲು ನಾಲ್ಕು ಜನ ಬೇಕಾಯಿತು. ಅಷ್ಟರಲ್ಲಿ ಯಾವುದೋ ಮೀನು ಇವರ ಗಾಳವನ್ನು ಕೋಲಿನ ಸಮೇತ ಎಳೆದುಕೊಂಡು ಪಿಚ್ಚಿನ ಮೇಲೇ ಸವಾರಿ ಹೊರಟಿತ್ತು.

ತೂಕದಲ್ಲಿ ನನ್ನ ಗೆಂಡೆಗೆ ಸರಿಸಾಟಿ ಇರಲಿಲ್ಲ. ಕೊಟ್ರೇಶ್ ಮೈಕನ್ನು ಇವರ ಕೈಗೆ ಕೊಟ್ಟ. ಮೈಯೆಲ್ಲ ಕೆಸರು ಮೆತ್ತಿಕೊಂಡು ನಿಂತಿದ್ದ ಇವರು ಕೆಮ್ಮಿದರು.

"ಉಂಡೆ ಇವಳ್ದು. ಹೋದ ವರ್ಷದ್ದೂ ಇವಳ್ದೇ."

ಜನ ಬಿದ್ದು ಬಿದ್ದು ನಕ್ಕರು. ಕೊಟ್ರೇಶ್ ನನ್ನನ್ನು ಕೇಳಿದ, "ಅಕ್ಕಾ, ಆ ಜಾಗ ಹೆಂಗೆ ಗೊತ್ತಾತು ನಿಂಗೆ?"

"ಒರತೆ ಗುಂಡಿ ಅಲ್ವೇನಪ್ಪ. ಕೊಡ ತುಂಬೋದು ಕಾಯ್ತಾ ಅಲ್ಲೇ ಕೂರ್ತಿದ್ದೆ, ನಿಮ್ಮವ್ವನೂ ಕೂರ್ತಿದ್ಲು."

ನಗು ನಿಂತಿತು. ಮೈಕ್ ಇನ್ನೂ ಇವರ ಕೈಯಲ್ಲೇ ಇತ್ತು. ಇವರು ಕೆರೆಯ ಕಡೆ ನೋಡುತ್ತಾ ನಿಧಾನಕ್ಕೆ ಮಾತಾಡಿದರು.

"ಅಲ್ಲೇ ಪಕ್ಕದಾಗೆ ನಾನು ಬ್ಯಾಟ್ ಬೀಸ್ತಿದ್ದೆ. ಎಷ್ಟೋ ಸಲ ಚೆಂಡು ಆ ಗುಂಡಿಗೆ ಬಿದ್ದೈತೆ. ಹೋಗಿ ಚೆಂಡು ಎತ್ಕೊಂಡು ಬಂದೀನಿ. ಒಂದು ದಿನಾನೂ ಕೊಡ ಎತ್ತಿಲ್ಲ."

ಇದು ನಮ್ಮ ಒಪ್ಪಂದದಲ್ಲಿ ಇರಲಿಲ್ಲ. ಅರ್ಧ ತಾಸು ಬಾಯಿ ಮುಚ್ಚಿಕೊಂಡೇ ಇದ್ದೆ, ಯಾರೂ ಹೇಳದೆ.

ಬಹುಮಾನದ ಕೊಡಕ್ಕೇ ನೀರು ತುಂಬಿ ಗೆಂಡೆಯನ್ನು ಇಳಿಬಿಟ್ಟೆವು. ಬಾಲ ಹೊರಗೇ ಉಳಿಯಿತು. ನಾನು ಬಗ್ಗುವಷ್ಟರಲ್ಲಿ ಇವರು ಕೊಡವನ್ನೆತ್ತಿ ತಲೆಯ ಮೇಲಿಟ್ಟುಕೊಂಡರು. ಊರ ದಾರಿಯುದ್ದಕ್ಕೂ ನೀರು ತುಳುಕಿ ಅಂಗಿ ತೋಯುತ್ತಿತ್ತು, ಕೊಡ ಅತ್ತಿತ್ತ ಓಲಾಡುತ್ತಿತ್ತು.

"ತಲೆಗೆ ಸಿಂಬಿ ಇಟ್ಕೊಳ್ರೀ" ಎಂದೆ.

"ಸಿಂಬಿ ಸುತ್ತಾಕೆ ನಂಗೆಲ್ಲಿ ಬರ್ತೈತೆ?"

ಟವೆಲ್ ಕಿತ್ತುಕೊಂಡು ಸುತ್ತಿ ಕೊಟ್ಟೆ.

"ನೋಡ್ಕೊಳ್ರಿ, ಹಿಂಗೆ. ಆಮೇಲೆ ಇದನ್ನೂ ನಿಮ್ಮ ಸಂಶೋಧನೆ ಅನ್ಬೇಡ್ರಿ."